ಫೀಸು ಕಮ್ಮಿ, ದಾರಿ ಎರಡು ಬಸ್: ಇನ್ಶೂರೆನ್ಸ್ ಇಲ್ಲದವರು ಕ್ಲಿನಿಕ್ ತಲುಪೋದು ಹೇಗೆ?

ತುಂಗಾತೀರ

ಇನ್ಶೂರೆನ್ಸ್ ಇಲ್ಲದಿದ್ದರೆ ಅಮೆರಿಕದಲ್ಲಿ ಡಾಕ್ಟರ್ ಮುಖ ನೋಡೋದೂ ಕಷ್ಟ ಅಂತ ಊರಿಂದ ಫೋನ್ ಮಾಡಿದವರೆಲ್ಲ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಇಲ್ಲಿ ಸಮುದಾಯ ಆರೋಗ್ಯ ಕೇಂದ್ರಗಳು ಅಂತ ಇವೆ. ಕೇಂದ್ರ ಸರ್ಕಾರದ ಅನುದಾನ ಪಡೆಯುವ ಇಂಥ ಸಂಸ್ಥೆಗಳು ದೇಶದಲ್ಲಿ ಸುಮಾರು 1,400 ಇವೆ. 2023ರಲ್ಲಿ ಇವು ನೋಡಿದ ರೋಗಿಗಳ ಸಂಖ್ಯೆ 3.1 ಕೋಟಿ ದಾಟಿದೆ. ಅವರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರಿಗೆ ಯಾವ ಇನ್ಶೂರೆನ್ಸೂ ಇಲ್ಲ.

ದುಡ್ಡಿಲ್ಲ ಅನ್ನೋ ಕಾರಣಕ್ಕೆ ಇಲ್ಲಿ ಯಾರನ್ನೂ ವಾಪಸ್ ಕಳಿಸುವ ಹಾಗಿಲ್ಲ. ಫೀಸು ಎಷ್ಟು ಅನ್ನೋದು ಆದಾಯ ಮತ್ತು ಮನೆಯಲ್ಲಿ ಎಷ್ಟು ಜನ ಅನ್ನೋದರ ಮೇಲೆ ನಿಂತಿದೆ. 2025ರ ಬಡತನದ ಗೆರೆ ಒಬ್ಬರಿಗೆ ವರ್ಷಕ್ಕೆ 15,650 ಡಾಲರ್, ನಾಲ್ಕು ಜನರ ಕುಟುಂಬಕ್ಕೆ 32,150. ಅದಕ್ಕಿಂತ ಕೆಳಗಿದ್ದರೆ ಪೂರ್ತಿ ರಿಯಾಯಿತಿ, ಇಲ್ಲವೇ ಹೆಸರಿಗೊಂದು ಸಣ್ಣ ಫೀಸು. ಅದರ ಎರಡು ಪಟ್ಟಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ರಿಯಾಯಿತಿ ಕಡಿಮೆ ಆಗುತ್ತಾ ಹೋಗುತ್ತದೆ.

ಹಾಗಾದರೆ ತೊಂದರೆ ಎಲ್ಲಿ? ದಾರಿಯಲ್ಲಿ.

ನಾನು ಡಾಲಸ್ ಸುತ್ತಲಿನ ಇಂಥ ಒಂದು ಕೇಂದ್ರದ ರಿಸೆಪ್ಶನ್‌ನಲ್ಲಿ ಸ್ವಯಂಸೇವಕಿಯಾಗಿ ಕೂರುತ್ತೇನೆ. ಹೆಸರು ಬೇಡ. ಅಲ್ಲಿ ಕೆಲಸ ಮಾಡುವವರು ಒಳ್ಳೆಯವರು, ಕೂರಲೂ ಪುರುಸೊತ್ತಿಲ್ಲದೆ ದುಡಿಯುತ್ತಾರೆ. ಆದರೆ ಒಂದು ನಿಯಮ ಇದೆ. 15 ನಿಮಿಷಕ್ಕಿಂತ ತಡವಾದರೆ ಅವತ್ತಿನ ಅಪಾಯಿಂಟ್‌ಮೆಂಟ್ ಹೋಯಿತು, ಹೊಸ ದಿನಾಂಕ ತೆಗೆದುಕೊಳ್ಳಬೇಕು.

ಆಫೀಸುಗಳನ್ನು ಗುಡಿಸಿ ಒರೆಸುವ ಕೆಲಸದ ಒಬ್ಬ ಹೆಂಗಸು ಬರುತ್ತಾರೆ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದೆ. ಒಂದು ಪ್ಲಾಸ್ಟಿಕ್ ಫೋಲ್ಡರ್‌ನಲ್ಲಿ ಸಂಬಳದ ಚೀಟಿ, ಕರೆಂಟ್ ಬಿಲ್, ಹಳೇ ಔಷಧಿ ಚೀಟಿ ಎಲ್ಲ ಒಪ್ಪವಾಗಿ ಜೋಡಿಸಿಕೊಂಡಿರುತ್ತಾರೆ. ಎರಡು ಬಸ್ ಹಿಡಿದು ಬರಬೇಕು. ಮೊದಲ ಬಸ್ ಐದು ನಿಮಿಷ ತಡವಾದರೆ ಎರಡನೆಯದು ಕೈತಪ್ಪುತ್ತದೆ. ಆ ಎರಡನೆಯದು ಗಂಟೆಗೆ ಒಂದೇ. ಐದು ನಿಮಿಷದ ತಡ ಹೀಗೆ ಒಂದು ಗಂಟೆಯ ತಡವಾಗುತ್ತದೆ. ಅವತ್ತು ಅವರು ಏದುಸಿರು ಬಿಡುತ್ತಾ ಕೌಂಟರ್‌ಗೆ ಬಂದಾಗ ಹೆಸರು ಆಗಲೇ ಲಿಸ್ಟ್‌ನಿಂದ ಹೋಗಿತ್ತು. ಮುಂದಿನ ದಿನಾಂಕ ಸಿಕ್ಕಿದ್ದು ತಿಂಗಳ ಕೊನೆಗೆ. ಅಲ್ಲಿಯವರೆಗೆ ಸಾಕಾಗುವಷ್ಟು ಮಾತ್ರೆ ಅವರ ಹತ್ತಿರ ಇರಲಿಲ್ಲ. ಕಂಪ್ಯೂಟರಿನಲ್ಲಿ ಅವರ ಹೆಸರಿನ ಮುಂದೆ ಬಂದ ಎಂಟ್ರಿ 'ನೋ ಶೋ'. ನನ್ನ ಕಣ್ಣೆದುರು ನಿಂತಿದ್ದವರು ಬರಲೇ ಇಲ್ಲ ಅಂತ ದಾಖಲಾಯಿತು. ಮುಂದೆ ಆ ಫೈಲ್ ತೆರೆಯುವ ಡಾಕ್ಟರ್‌ಗೆ ಇವರಿಗೆ ಆರೋಗ್ಯದ ಬಗ್ಗೆ ಕಾಳಜಿಯೇ ಇಲ್ಲ ಅನ್ನಿಸಬಹುದು, ಅಲ್ವಾ?

ಇಲ್ಲಿ ಆರೋಗ್ಯ ಕ್ಷೇತ್ರದಲ್ಲಿ, ಸಾರಿಗೆ ಇಲಾಖೆಗಳಲ್ಲಿ ಕೆಲಸ ಮಾಡುವ ಕನ್ನಡದವರು ಎಷ್ಟೋ ಜನ ಇದ್ದೀರಿ. ನೀವಿರುವ ಕಡೆ ಇದಕ್ಕೆ ಏನು ಮಾಡಿದ್ದಾರೆ? ಯಾವುದು ನಿಜವಾಗಿ ಕೆಲಸಕ್ಕೆ ಬಂತು? ದಯವಿಟ್ಟು ಬರೆಯಿರಿ.

ಕೆರೆಏರಿ

ಮೆಡಿಕೇಯ್ಡ್‌ನಲ್ಲಿ, ಅಂದರೆ ಬಡವರಿಗೆ ಸರ್ಕಾರ ಕೊಡುವ ಇನ್ಶೂರೆನ್ಸ್‌ನಲ್ಲಿ, ಆಸ್ಪತ್ರೆಗೆ ಕರೆದುಕೊಂಡು ಹೋಗುವ ಸೌಲಭ್ಯ ಇದೆಯಲ್ಲ? ನಮ್ಮ ಪಕ್ಕದ ಮನೆಯ ಅಜ್ಜಿಗೆ ವ್ಯಾನ್ ಬರುತ್ತದೆ. ಇಷ್ಟು ಕಡಿಮೆ ಆದಾಯ ಇರುವವರಿಗೆ ಮೆಡಿಕೇಯ್ಡ್ ಸಿಗಬೇಕಲ್ವಾ?

ತುಂಗಾತೀರ

ಟೆಕ್ಸಸ್‌ನಲ್ಲಿ ಸಿಗುವುದಿಲ್ಲ. 2010ರ ಅಫೋರ್ಡಬಲ್ ಕೇರ್ ಆಕ್ಟ್ ಪ್ರಕಾರ ಎಲ್ಲ ಬಡ ವಯಸ್ಕರಿಗೂ ಮೆಡಿಕೇಯ್ಡ್ ಸಿಗಬೇಕಿತ್ತು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರಾಜ್ಯಗಳ ಇಷ್ಟಕ್ಕೆ ಬಿಟ್ಟಿತು. ಹತ್ತು ರಾಜ್ಯಗಳು ಇನ್ನೂ ಒಪ್ಪಿಲ್ಲ. ಟೆಕ್ಸಸ್, ಫ್ಲಾರಿಡಾ, ಜಾರ್ಜಿಯಾ, ಮಿಸಿಸಿಪ್ಪಿ ಎಲ್ಲ ಅದರಲ್ಲಿವೆ. ಇಲ್ಲಿ ಚಿಕ್ಕ ಮಕ್ಕಳಿಲ್ಲದ, ಗರ್ಭಿಣಿಯಲ್ಲದ, ಅಂಗವೈಕಲ್ಯವಿಲ್ಲದ, 65ರೊಳಗಿನ ವಯಸ್ಕರು ಎಷ್ಟೇ ಬಡವರಾದರೂ ಮೆಡಿಕೇಯ್ಡ್ ಇಲ್ಲ. ಇನ್ಶೂರೆನ್ಸ್ ಮಾರುವ ಸರ್ಕಾರಿ ತಾಣವಾದ ಮಾರ್ಕೆಟ್‌ಪ್ಲೇಸ್‌ನಲ್ಲಿ ಕೊಳ್ಳೋಣ ಅಂದರೆ ಸಬ್ಸಿಡಿ ಶುರುವಾಗುವುದೇ ಬಡತನದ ಗೆರೆಯ ಮೇಲಿನವರಿಗೆ. ಗೆರೆಯ ಕೆಳಗಿರುವವರಿಗೆ ಎರಡೂ ಇಲ್ಲ. ಇದು ನನಗೆ ಇವತ್ತಿಗೂ ಜೀರ್ಣವಾಗದ ವಿಷಯ.

ಗ್ರೀನ್ ಕಾರ್ಡ್ ಬಂದ ಹೊಸಬರಲ್ಲೂ ಹೆಚ್ಚಿನವರು ಐದು ವರ್ಷ ಕಾಯಬೇಕು. ಕಾಗದಪತ್ರ ಇಲ್ಲದವರಿಗಂತೂ ಆ ಬಾಗಿಲೇ ಇಲ್ಲ. 2023ರಲ್ಲಿ ದೇಶದಲ್ಲಿ ಇನ್ಶೂರೆನ್ಸ್ ಇಲ್ಲದವರು ಸುಮಾರು 2.6 ಕೋಟಿ. ನೀವು ಹೇಳಿದ ವ್ಯಾನ್ ಮೆಡಿಕೇಯ್ಡ್ ಕಾರ್ಡ್ ಜೊತೆ ಬರುತ್ತದೆ. ಕಾರ್ಡ್ ಇಲ್ಲ ಅಂದರೆ ವ್ಯಾನೂ ಇಲ್ಲ. ಹೆಚ್ಚು ಬಡವರಾಗಿ, ಏನೂ ಸಿಗದೆ ಉಳಿದವರಿಗೇ ದಾರಿ ಖರ್ಚೂ ಸ್ವಂತದ್ದು.

ರಾತ್ರಿಪಾಳಿ

ನಾನು ನರ್ಸ್. ಎಂಡೋಸ್ಕೋಪಿ ವಿಭಾಗದಲ್ಲಿ ಇದ್ದೇನೆ. ಕ್ಲಿನಿಕ್‌ವರೆಗಿನ ದಾರಿ ಅರ್ಧ ಕಥೆ ಮಾತ್ರ. ಇನ್ನರ್ಧ ಕ್ಲಿನಿಕ್ ಆಚೆಗಿದೆ.

ಸಮುದಾಯ ಕೇಂದ್ರಗಳಲ್ಲಿ 45 ದಾಟಿದವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆಗೆ ಮನೆಯಲ್ಲೇ ಮಾಡುವ ಮಲಪರೀಕ್ಷೆಯ ಕಿಟ್ ಕೊಡುತ್ತಾರೆ. ತುಂಬಾ ಒಳ್ಳೆಯದು, ಅಂಚೆಯಲ್ಲೇ ವಾಪಸ್ ಕಳಿಸಬಹುದು. ಆದರೆ ಅದು ಪಾಸಿಟಿವ್ ಬಂದರೆ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ ಕರುಳಿನ ಒಳಗೆ ನೋಡುವುದು, ಆಗಲೇಬೇಕು. ಕ್ಯಾನ್ಸರ್ ಇದೆಯೋ ಇಲ್ಲವೋ ಗೊತ್ತಾಗುವುದು ಅಲ್ಲೇ. ಕೊಲೊನೋಸ್ಕೋಪಿಗೆ ಮಂಪರು ಕೊಡುತ್ತೇವೆ. ಆಮೇಲೆ ಒಬ್ಬರನ್ನೇ ಮನೆಗೆ ಬಿಡುವ ಹಾಗಿಲ್ಲ. ಜೊತೆಗೆ ಗುರುತಿನ ವಯಸ್ಕರೊಬ್ಬರು ಇರಬೇಕು. ಊಬರ್ ಡ್ರೈವರ್ ಆ ಲೆಕ್ಕಕ್ಕೆ ಬರುವುದಿಲ್ಲ. ಹಿಂದಿನ ದಿನ ಫೋನ್ ಮಾಡಿ "ಯಾರು ಕರೆದುಕೊಂಡು ಹೋಗುತ್ತಾರೆ?" ಅಂತ ಕೇಳುತ್ತೇವೆ. ಆ ಕಡೆ ಸುಮ್ಮನಾಗುತ್ತಾರೆ. ಒಬ್ಬರೇ ಇರುವವರು, ರೂಮ್‌ಮೇಟ್‌ಗಳೆಲ್ಲ ದಿನಗೂಲಿಯವರು. ಇವರಿಗೋಸ್ಕರ ಇನ್ನೊಬ್ಬರು ಒಂದು ದಿನದ ಕೂಲಿ ಬಿಡಬೇಕು. ಅಲ್ಲಿಗೆ ಕೇಸ್ ಕ್ಯಾನ್ಸಲ್.

ಪಾಸಿಟಿವ್ ಬಂದ ಮೇಲೂ ತಿಂಗಳುಗಟ್ಟಲೆ ತಡವಾಗಲು ಕಾರಣ ದುಡ್ಡೊಂದೇ ಅಂದುಕೊಳ್ಳಬೇಡಿ. ಲಾಭರಹಿತ ಆಸ್ಪತ್ರೆಗಳಲ್ಲಿ ಹಣಕಾಸಿನ ನೆರವಿನ ನೀತಿ ಬರವಣಿಗೆಯಲ್ಲಿ ಇರಲೇಬೇಕು, ಕೇಳಿದವರಿಗೆ ಅರ್ಜಿ ಕೊಡಲೇಬೇಕು. ಬಿಲ್ ಕೆಲವೊಮ್ಮೆ ಪೂರ್ತಿ ಮಾಫಿಯಾಗುತ್ತದೆ. ಬಿಲ್ ಮಾಫಿಯಾದ ರೋಗಿಯ ಕೇಸೂ ಜೊತೆಗೆ ಬರುವವರಿಲ್ಲ ಅಂತ ಕ್ಯಾನ್ಸಲ್ ಆಗಿದ್ದನ್ನು ನಾನು ನೋಡಿದ್ದೇನೆ.

ಬಸ್‌ರೂಟ್

ಸಾರಿಗೆ ಯೋಜನೆ ನನ್ನ ಕೆಲಸ. ತುಂಗಾತೀರ ಅವರು ಬರೆದ ಎರಡನೇ ಬಸ್ಸಿನ ಬಗ್ಗೆ ಒಂದೆರಡು ಮಾತು.

ಪ್ರಯಾಣ ಎಷ್ಟು ಹೊತ್ತು ಅನ್ನೋದಕ್ಕಿಂತ ಬಸ್ ಎಷ್ಟು ಹೊತ್ತಿಗೊಂದು ಅನ್ನೋದೇ ಇಲ್ಲಿ ಮುಖ್ಯ. 15 ನಿಮಿಷಕ್ಕೊಂದು ಬಸ್ ಇದ್ದರೆ ಒಂದು ತಪ್ಪಿದರೂ ನಡೆಯುತ್ತದೆ. ಗಂಟೆಗೊಂದು ಇದ್ದರೆ ಪ್ರಯಾಣಿಕರು ಒಂದು ಬಸ್ ಮುಂಚೆಯೇ ಹೊರಡಬೇಕು, ಅಂದರೆ ಒಂದು ಗಂಟೆ ಮುಂಚೆ. 9 ಗಂಟೆ ಅಪಾಯಿಂಟ್‌ಮೆಂಟ್‌ಗೆ 6ಕ್ಕೆ ಮನೆ ಬಿಡುವವರು ಇದ್ದಾರೆ. ಅಪಾಯಿಂಟ್‌ಮೆಂಟ್ ಕೊಡುವಾಗ ಯಾರೂ ಬಸ್ಸಿನ ವೇಳಾಪಟ್ಟಿ ನೋಡುವುದಿಲ್ಲ. ಬಸ್ 9.10ಕ್ಕೆ ಬರುತ್ತದೆ ಅಂತ ಗೊತ್ತಿದ್ದರೆ 9ರ ಬದಲು 9.30 ಕೊಟ್ಟರಾಯಿತು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ನಿಮ್ಮ ಕೇಂದ್ರದಲ್ಲಿ ಯಾರಾದರೂ ಹತ್ತಿರದ ಸ್ಟಾಪಿನ ವೇಳಾಪಟ್ಟಿ ಪ್ರಿಂಟ್ ಮಾಡಿ ರಿಸೆಪ್ಶನ್ ಮೇಜಿಗೆ ಅಂಟಿಸಲಿ.

ಎರಡನೆಯದು, ಎಡಿಎ ಪ್ಯಾರಾಟ್ರಾನ್ಸಿಟ್. 1990ರ ಅಂಗವಿಕಲರ ಕಾನೂನಿನಿಂದ ಬಂದದ್ದು. ಕಾಯಿಲೆ ಅಥವಾ ಅಂಗವೈಕಲ್ಯದಿಂದ ಮಾಮೂಲಿ ಬಸ್ ಬಳಸಲು ಆಗದವರಿಗೆ ಬಸ್ ರೂಟಿನ ಮುಕ್ಕಾಲು ಮೈಲಿ ಒಳಗೆ ವ್ಯಾನ್ ಕೊಡಲೇಬೇಕು. ದರ ಮಾಮೂಲಿ ಟಿಕೆಟ್‌ನ ಎರಡು ಪಟ್ಟು ಮೀರಬಾರದು. ಇದಕ್ಕೆ ಇನ್ಶೂರೆನ್ಸ್‌ಗೂ ಸಂಬಂಧ ಇಲ್ಲ, ಆದಾಯಕ್ಕೂ ಸಂಬಂಧ ಇಲ್ಲ. ಪೂರ್ತಿ ಅರ್ಜಿ ಕೊಟ್ಟು 21 ದಿನದೊಳಗೆ ತೀರ್ಮಾನ ಬರದಿದ್ದರೆ, ಬರುವವರೆಗೆ ಸೇವೆ ಕೊಡಬೇಕು. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದವರು, ಕಾಲಿನ ಗಾಯದಿಂದ ಸ್ಟಾಪ್‌ವರೆಗೆ ನಡೆಯಲಾಗದವರು ಎಷ್ಟೋ ಜನ ಅರ್ಜಿಯನ್ನೇ ಹಾಕಿರುವುದಿಲ್ಲ. ಯಾರೂ ಹೇಳಿರುವುದಿಲ್ಲ. ಅರ್ಜಿಯಲ್ಲಿ ಸಾಮಾನ್ಯವಾಗಿ ಡಾಕ್ಟರ್ ತುಂಬಬೇಕಾದ ಒಂದು ಪುಟ ಇರುತ್ತದೆ. ರೋಗಿ ಎದುರಿಗಿರುವಾಗಲೇ ಅದನ್ನು ತುಂಬಿಸಿಬಿಡಿ.

ಇನ್ನೊಂದು ವಿಷಯ. ಟೆಕ್ಸಸ್‌ನಲ್ಲೇ, ಸುಮಾರು 4 ಲಕ್ಷ ಜನ ಇರುವ ಆರ್ಲಿಂಗ್ಟನ್‌ನಲ್ಲಿ ಮಾಮೂಲಿ ರೂಟ್ ಬಸ್ ಜಾಲವೇ ಇಲ್ಲ. 2017ರಿಂದ ಕರೆದರೆ ಬರುವ ವ್ಯಾನ್ ಇದೆ. ಟೆಕ್ಸಸ್‌ನಲ್ಲಿ ಬಸ್ ಪಾಸ್ ಕೊಡುತ್ತೇವೆ ಅನ್ನುವ ಕ್ಲಿನಿಕ್ ಮೊದಲು ಅಲ್ಲಿ ಬಸ್ ಇದೆಯಾ ಅಂತ ನೋಡಬೇಕು.

ಕೆರೆಏರಿ

ಇಷ್ಟೆಲ್ಲ ಯಾಕೆ? ಕ್ಲಿನಿಕ್ಕೇ ಊಬರ್, ಲಿಫ್ಟ್ ಬುಕ್ ಮಾಡಿ ಕೊಟ್ಟರೆ ಮುಗಿಯಿತಲ್ಲ. ರೋಗಿಗೆ ಸ್ಮಾರ್ಟ್‌ಫೋನ್ ಕೂಡ ಬೇಕಿಲ್ಲ, ಈಗ ಆಫೀಸಿನಿಂದಲೇ ಬುಕ್ ಮಾಡಬಹುದು.

ಅಂಕಿಲೆಕ್ಕ

ಅದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಪಶ್ಚಿಮ ಫಿಲಡೆಲ್ಫಿಯಾದ ಎರಡು ಕ್ಲಿನಿಕ್‌ಗಳಲ್ಲಿ 786 ಮೆಡಿಕೇಯ್ಡ್ ರೋಗಿಗಳ ಮೇಲೆ ನಡೆದ ಅಧ್ಯಯನ, 2018ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಅಪಾಯಿಂಟ್‌ಮೆಂಟ್ ನೆನಪಿಸುವ ಫೋನ್ ಮಾಡಿದಾಗ ಉಚಿತ ರೈಡ್ ಬೇಕಾ ಅಂತಲೂ ಕೇಳಿದರು. ಇನ್ನೊಂದು ಗುಂಪಿಗೆ ಕೇಳಲಿಲ್ಲ. ಅಪಾಯಿಂಟ್‌ಮೆಂಟ್ ತಪ್ಪಿಸಿದವರು ಮೊದಲ ಗುಂಪಿನಲ್ಲಿ ಶೇ. 36.5, ಎರಡನೆಯದರಲ್ಲಿ ಶೇ. 36.7. ವ್ಯತ್ಯಾಸವೇ ಇಲ್ಲ.

ಹಾಗಂತ ಸಾರಿಗೆ ಸಮಸ್ಯೆಯೇ ಅಲ್ಲ ಅಂತ ನಾನು ಹೇಳುತ್ತಿಲ್ಲ. 2017ರಲ್ಲಿ ವಾಹನ ಸಿಗದೆ ಚಿಕಿತ್ಸೆ ಮುಂದೂಡಿದವರು ದೇಶದಲ್ಲಿ 58 ಲಕ್ಷ ಅಂತ ರಾಷ್ಟ್ರೀಯ ಸಮೀಕ್ಷೆಯ ಲೆಕ್ಕ ಇದೆ. ನಾನು ಕೇಳೋದು ಇಷ್ಟೇ: ಸಣ್ಣ ಬಜೆಟ್ ಇರುವ ಕ್ಲಿನಿಕ್ ಆ ದುಡ್ಡನ್ನು ರೈಡ್‌ಗೆ ಹಾಕಬೇಕಾ, ಸಂಜೆ ಹೊತ್ತು ಇನ್ನೊಬ್ಬ ಡಾಕ್ಟರ್‌ಗೆ ಹಾಕಬೇಕಾ?

ರಾತ್ರಿಪಾಳಿ

ಒಳ್ಳೆಯ ಪ್ರಶ್ನೆ. ಆದರೆ ಆ ಅಧ್ಯಯನದಲ್ಲಿದ್ದವರೆಲ್ಲ ಮೆಡಿಕೇಯ್ಡ್ ಇದ್ದವರು. ಅವರಿಗೆ ಉಚಿತ ಸಾರಿಗೆಯ ಹಕ್ಕು ಮೊದಲೇ ಇತ್ತು. ಜೊತೆಗೆ ಅದು ದೊಡ್ಡ ನಗರ, ಬಸ್ಸು, ಟ್ರಾಮ್, ರೈಲು ಎಲ್ಲ ಇವೆ. ಕಾರ್ಡೂ ಇಲ್ಲದ, ಬಸ್ಸೂ ಇಲ್ಲದ ಊರಿನ ರೋಗಿಗೆ ಆ ಫಲಿತಾಂಶ ಹಾಗೇ ತಂದು ಹಚ್ಚಲು ಬರುವುದಿಲ್ಲ.

ಇನ್ನೂ ಒಂದಿದೆ. ಜನ ಅಪಾಯಿಂಟ್‌ಮೆಂಟ್ ತಪ್ಪಿಸಲು ಕಾರಣ ಒಂದೇ ಇರುವುದಿಲ್ಲ. ಮಗುವಿಗೆ ಜ್ವರ, ಮೇಸ್ತ್ರಿ ರಜ ಕೊಡಲಿಲ್ಲ, ಫೋನ್ ರೀಚಾರ್ಜ್ ಇಲ್ಲದೆ ನೆನಪಿನ ಮೆಸೇಜ್ ಬರಲಿಲ್ಲ. ಬಾಗಿಲಿಗೆ ಕಾರು ಬಂದರೂ ಅರ್ಧ ದಿನದ ಕೂಲಿ ಹೋಗುವುದು ಹೋಗೇ ಹೋಗುತ್ತದೆ. ಹಾಗಾಗಿ ಸಂಜೆ ಡಾಕ್ಟರ್ ಬೇಕು ಅನ್ನೋದು ನನಗೂ ಸರಿ ಕಾಣುತ್ತದೆ.

ತುಂಗಾತೀರ

ಅಂಕಿಲೆಕ್ಕ ಅವರ ಪ್ರಶ್ನೆ ಓದಿದ ಮೇಲೆ ನಾನು ಬೇರೆ ರೀತಿ ಲೆಕ್ಕ ಹಾಕಿದೆ. ಒಂದು ಸವಾರಿಗೆ ಎಷ್ಟು ಖರ್ಚು ಅಂತ ಕೇಳುವ ಬದಲು, ಒಬ್ಬ ರೋಗಿಯನ್ನು ನಾವು ಎಷ್ಟು ಸಲ ಓಡಾಡಿಸುತ್ತೇವೆ ಅಂತ ಕೇಳಿಕೊಂಡೆ.

ಹೊಸದಾಗಿ ಬಂದ ಸಕ್ಕರೆ ಕಾಯಿಲೆಯವರನ್ನು ತೆಗೆದುಕೊಳ್ಳಿ. ಮೊದಲು ರಿಯಾಯಿತಿ ಅರ್ಜಿಗೆ ಬರಬೇಕು. ಆದಾಯದ ಒಂದು ಕಾಗದ ಇಲ್ಲ ಅಂದರೆ ಅದನ್ನು ತರಲು ಮತ್ತೆ ಬರಬೇಕು. ಕೈಗೆ ನಗದು ಪಡೆಯುವ ಕೂಲಿಯವರ ಹತ್ತಿರ ಸಂಬಳದ ಚೀಟಿ ಎಲ್ಲಿರುತ್ತದೆ? ಆಮೇಲೆ ಡಾಕ್ಟರ್. ಖಾಲಿ ಹೊಟ್ಟೆಯ ರಕ್ತಪರೀಕ್ಷೆಗೆ ಇನ್ನೊಂದು ಬೆಳಗ್ಗೆ. ಫಲಿತಾಂಶ ಕೇಳಲು ಮತ್ತೆ ಡಾಕ್ಟರ್. ಕಣ್ಣಿನ ತಪಾಸಣೆ ಊರಿನ ಇನ್ನೊಂದು ತುದಿಯಲ್ಲಿ. ಔಷಧಿಗೆ ತಿಂಗಳು ತಿಂಗಳು ಫಾರ್ಮಸಿ. ರಿಯಾಯಿತಿ ಅರ್ಜಿ ಮತ್ತೆ ಮರುವರ್ಷ ಹೊಸದು. ಇದರಲ್ಲಿ ರೋಗಿ ಡಾಕ್ಟರ್ ಎದುರು ಕೂರಲೇಬೇಕಾದ ಭೇಟಿ ಯಾವುದು, ನಮ್ಮ ಅನುಕೂಲಕ್ಕೆ ನಾವು ಹುಟ್ಟಿಸಿದ ಭೇಟಿ ಯಾವುದು?

ಬಹಳಷ್ಟು ಎರಡನೇ ಜಾತಿಯವು. ಮೂರು ತಿಂಗಳ ಸಕ್ಕರೆ ಸರಾಸರಿಯನ್ನು ಬೆರಳ ತುದಿಯ ರಕ್ತದಿಂದ ಕ್ಲಿನಿಕ್‌ನಲ್ಲೇ ಕೆಲವು ನಿಮಿಷದಲ್ಲಿ ನೋಡುವ ಯಂತ್ರ ಇದೆ. ಅದಕ್ಕೆ ಖಾಲಿ ಹೊಟ್ಟೆಯೂ ಬೇಡ. ಕಣ್ಣಿನ ಹಿಂಭಾಗದ ಫೋಟೋ ತೆಗೆದು ಸಕ್ಕರೆಯಿಂದ ಆದ ಹಾನಿಯನ್ನು ಕಂಪ್ಯೂಟರೇ ಗುರುತಿಸುವ ಕ್ಯಾಮೆರಾಗೆ ಔಷಧಿ, ವೈದ್ಯಕೀಯ ಯಂತ್ರಗಳನ್ನು ಪರಿಶೀಲಿಸುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2018ರಲ್ಲೇ ಒಪ್ಪಿಗೆ ಕೊಟ್ಟಿದೆ. ಅದನ್ನು ನಮ್ಮಂಥ ಕ್ಲಿನಿಕ್‌ನಲ್ಲೇ ಇಡಬಹುದು, ಕಣ್ಣಿನ ಡಾಕ್ಟರ್ ಅಲ್ಲೇ ಇರಬೇಕಿಲ್ಲ. ಮೆಟ್‌ಫಾರ್ಮಿನ್, ಬಿಪಿ ಮಾತ್ರೆಗಳನ್ನು ಒಂದು ತಿಂಗಳಿಗೆ ಬದಲು 90 ದಿನಕ್ಕೆ ಬರೆಯಬಹುದು, ಅಂಚೆಯಲ್ಲಿ ಕಳಿಸಬಹುದು. ಫಲಿತಾಂಶ ಫೋನಿನಲ್ಲಿ ಹೇಳಬಹುದು. ವಿಡಿಯೋ ಬೇಡ, ಬರೀ ಫೋನ್ ಸಾಕು. ಇಂಟರ್ನೆಟ್ ಪ್ಯಾಕ್ ಖಾಲಿಯಾಗಿರುವವರಿಗೆ ವಿಡಿಯೋ ಕರೆ ಇನ್ನೊಂದು ತಡೆ. ಆದಾಯದ ಕಾಗದ ಫೋನಿನಲ್ಲಿ ಫೋಟೋ ತೆಗೆದು ಕಳಿಸಲಿ. ಕಾಗದವೇ ಇಲ್ಲದವರಿಂದ ಸ್ವಂತ ಹೇಳಿಕೆ ಬರೆಸಿಕೊಳ್ಳುವ ಅವಕಾಶ ಎಷ್ಟೋ ಕೇಂದ್ರಗಳಲ್ಲಿ ಇದೆ.

ಇಷ್ಟು ಕಳೆದ ಮೇಲೆ ಉಳಿಯುವ ಭೇಟಿಗಳು ಸ್ವಲ್ಪವೇ. ಆ ಸ್ವಲ್ಪಕ್ಕೆ ಗಾಡಿ ಕೊಡಿ. ಅದಕ್ಕೆ ಬಜೆಟ್ ಸಾಕಾಗುತ್ತದೆ.

ಮಾವಿನತೋಪು

ಬೇರೆ ವಿಷಯ ಎತ್ತಿದ್ದಕ್ಕೆ ಬೇಸರ ಬೇಡ. ಗಂಡನ ಕೆಲಸ ಹೋಗಿದೆ, ಇನ್ಶೂರೆನ್ಸ್ ಅದರ ಜೊತೆಗೇ ಹೋಯಿತು. ಕೆಲಸ ಹೋದ ಮೇಲೂ ಕಂಪನಿಯ ಇನ್ಶೂರೆನ್ಸನ್ನು ಸ್ವಂತ ದುಡ್ಡಿನಲ್ಲಿ ಉಳಿಸಿಕೊಳ್ಳುವ ಕೋಬ್ರಾ ಅನ್ನೋ ಅವಕಾಶ ಇದೆ, ಆದರೆ ಅದರಲ್ಲಿ ಮುಂದುವರಿಸಲು ತಿಂಗಳಿಗೆ ಕೇಳುವ ಮೊತ್ತ ಕೊಡಲು ಆಗುವುದಿಲ್ಲ. ನನಗೆ ಥೈರಾಯ್ಡ್ ಇದೆ. ನಮ್ಮಂಥವರು ಈ ಕೇಂದ್ರಗಳಿಗೆ ಹೋಗಬಹುದಾ? ಬಡವರ ಜಾಗ ನಾವು ಕಿತ್ತುಕೊಂಡ ಹಾಗಾಗುವುದಿಲ್ಲವಾ?

ತುಂಗಾತೀರ

ಧಾರಾಳವಾಗಿ ಹೋಗಿ. ಸಂಕೋಚ ಬೇಡ. ರಿಯಾಯಿತಿಗೆ ಅವರು ನೋಡುವುದು ಈಗಿನ ಆದಾಯ ಮತ್ತು ಕುಟುಂಬದ ಗಾತ್ರ. ಈಗ ಸಂಬಳ ಇಲ್ಲ ಅಂದರೆ ಅದನ್ನೇ ಬರೆಯಿರಿ. ಆದಾಯ ಜಾಸ್ತಿ ಇದ್ದವರೂ ಬರಬಹುದು, ರಿಯಾಯಿತಿ ಸಿಗುವುದಿಲ್ಲ ಅಷ್ಟೇ. ಕೆಲಸ ಹೋಗಿ ಇನ್ಶೂರೆನ್ಸ್ ಹೋದವರಿಗೆ ಮಾರ್ಕೆಟ್‌ಪ್ಲೇಸ್‌ನಲ್ಲಿ ಸೇರಲು 60 ದಿನದ ವಿಶೇಷ ಅವಧಿ ಇದೆ, ಅದನ್ನು ಕೈಬಿಡಬೇಡಿ. ಅರ್ಜಿ ತುಂಬಲು ಸಹಾಯ ಮಾಡುವವರು ಈ ಕೇಂದ್ರಗಳಲ್ಲೇ ಇರುತ್ತಾರೆ, ಅದಕ್ಕೆ ಫೀಸಿಲ್ಲ. ಥೈರಾಯ್ಡ್ ಮಾತ್ರೆ ನಿಲ್ಲಿಸಬೇಡಿ. ಮುಗಿಯುವ ಎರಡು ವಾರ ಮುಂಚೆಯೇ ಫೋನ್ ಮಾಡಿ.

ಗೋಧಿನಾಡು

ನಾನು ಪಶ್ಚಿಮ ಕ್ಯಾನ್ಸಸ್‌ನಲ್ಲಿದ್ದೇನೆ. ನಿಮ್ಮ ಗಂಟೆಗೊಂದು ಬಸ್ಸು ಇಲ್ಲಿ ಸಿಕ್ಕರೆ ಹಬ್ಬ. ಇಲ್ಲಿ ಮಾಂಸ ಸಂಸ್ಕರಣೆ ಕಾರ್ಖಾನೆಗಳ ಕೆಲಸಗಾರರು, ಹೊಲದ ಕೂಲಿಗಳು ಹರಡಿಕೊಂಡಿದ್ದಾರೆ. ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥದ್ದರ, ವ್ಯಾನ್ ಇದೆ, ಮುಂಚಿನ ದಿನವೇ ಫೋನ್ ಮಾಡಿ ಹೇಳಬೇಕು. ಹಗಲು ಹೊತ್ತು ಮಾತ್ರ, ಹೆಚ್ಚಿನ ಕಡೆ ಕೌಂಟಿಯ ಗಡಿ ದಾಟುವುದಿಲ್ಲ. ಡಾಕ್ಟರ್ ಇರುವುದು ಪಕ್ಕದ ಕೌಂಟಿಯಲ್ಲಿ.

ಒಂದು ಮನೆಗೆ ಒಂದೇ ಕಾರು, ಅದನ್ನು ಓಡಿಸುವವರು ಎರಡನೇ ಪಾಳಿಯಲ್ಲಿ. ಕೆಲವರ ಹತ್ತಿರ ಕಾರಿದೆ, ಲೈಸೆನ್ಸ್ ಇಲ್ಲ. ಕಾಗದಪತ್ರ ಇಲ್ಲದವರಿಗೂ ಲೈಸೆನ್ಸ್ ಕೊಡುವ ರಾಜ್ಯಗಳಿವೆ, ನಮ್ಮದು ಅದರಲ್ಲಿಲ್ಲ. ಟೆಕ್ಸಸ್ಸೂ ಇಲ್ಲ. ಡಾಕ್ಟರ್ ಹತ್ತಿರ ಹೋಗುವುದು ಅಂದರೆ ಹೈವೇಯಲ್ಲಿ ಪೊಲೀಸ್ ನಿಲ್ಲಿಸುವ ಭಯ ಹೊತ್ತುಕೊಂಡು ಹೋಗುವುದು. ಹಾಗಾಗಿ ಎದೆ ನೋವು ಬರುವವರೆಗೆ ಕಾಯುತ್ತಾರೆ. ತುರ್ತು ಚಿಕಿತ್ಸಾ ವಿಭಾಗ ಯಾರನ್ನೂ ನೋಡದೆ ಕಳಿಸುವ ಹಾಗಿಲ್ಲ, 1986ರಿಂದ ಆ ಕಾನೂನಿದೆ. ಆದರೆ ಅಲ್ಲಿ ಜೀವ ಸ್ಥಿರವಾಗುವವರೆಗೆ ಮಾತ್ರ. ಮುಂದಿನ ತಿಂಗಳ ಬಿಪಿ ಮಾತ್ರೆ ಅವರ ಹೊಣೆಯಲ್ಲ. ಬಿಲ್ ಮಾತ್ರ ಮನೆಗೆ ಬರುತ್ತದೆ.

ಇಲ್ಲಿ ಕೆಲಸಕ್ಕೆ ಬಂದದ್ದು ಸಂಚಾರಿ ಕ್ಲಿನಿಕ್. ಚರ್ಚಿನ ಪಾರ್ಕಿಂಗ್, ಕಾರ್ಖಾನೆಯ ಗೇಟಿನ ಹೊರಗೆ, ಪಾಳಿ ಬದಲಾಗುವ ಹೊತ್ತಿಗೆ ಬಂದು ನಿಲ್ಲುತ್ತದೆ. ಬಿಪಿ, ಸಕ್ಕರೆ, ಲಸಿಕೆ, ಗಾಯದ ಡ್ರೆಸ್ಸಿಂಗ್ ಎಲ್ಲ ಅಲ್ಲೇ. ಬರುವ ದಿನ ಬದಲಾಗಬಾರದು, ಅದೇ ಗುಟ್ಟು. ಪ್ರತಿ ಎರಡನೇ ಮಂಗಳವಾರ ಅಂದರೆ ಅದೇ ಮಂಗಳವಾರ. ಒಂದು ಸಲ ಬರದೇ ಹೋದರೆ ಜನ ಮತ್ತೆ ನಂಬುವುದು ತುಂಬಾ ನಿಧಾನ.

ಹಳೇಪುಟ

ಇದರ ಹಿಂದಿನ ಕಥೆ ಸ್ವಲ್ಪ ಹೇಳಬೇಕು. ಈ ಕೇಂದ್ರಗಳು ಹುಟ್ಟಿದ್ದೇ ದಾರಿಯ ಸಮಸ್ಯೆಗೆ ಉತ್ತರವಾಗಿ.

ಡಾಕ್ಟರ್ ಜ್ಯಾಕ್ ಗೈಗರ್ ವಿದ್ಯಾರ್ಥಿಯಾಗಿದ್ದಾಗ ದಕ್ಷಿಣ ಆಫ್ರಿಕಾದ ಫೊಲೇಲಾಕ್ಕೆ ಹೋಗಿದ್ದರು. ಅಲ್ಲಿ ಸಿಡ್ನಿ ಕಾರ್ಕ್ ಮತ್ತು ಎಮಿಲಿ ಕಾರ್ಕ್ ದಂಪತಿ ಕಟ್ಟಿದ್ದ ಆರೋಗ್ಯ ಕೇಂದ್ರ ನೋಡಿ ಬಂದರು. ಆಮೇಲೆ ಡಾಕ್ಟರ್ ಕೌಂಟ್ ಗಿಬ್ಸನ್ ಜೊತೆ ಸೇರಿ 1965ರಲ್ಲಿ ಬಾಸ್ಟನ್ನಿನ ಕೊಲಂಬಿಯಾ ಪಾಯಿಂಟ್‌ನಲ್ಲಿ ಮೊದಲ ಕೇಂದ್ರ ತೆರೆದರು. ಕೊಲಂಬಿಯಾ ಪಾಯಿಂಟ್ ಸಮುದ್ರಕ್ಕೆ ಚಾಚಿಕೊಂಡ ಒಂದು ಮೂಲೆ. ಸರ್ಕಾರಿ ವಸತಿ ಕಟ್ಟಡಗಳಲ್ಲಿ ಸಾವಿರಾರು ಬಡವರು. ನಗರದ ದೊಡ್ಡ ಆಸ್ಪತ್ರೆಗೆ ಹೋಗಬೇಕೆಂದರೆ ಬಸ್ಸು, ರೈಲು ಬದಲಿಸಿಕೊಂಡು ಮಗುವನ್ನು ಎತ್ತಿಕೊಂಡು ಹೋಗಬೇಕಿತ್ತು. ರೋಗಿಯನ್ನು ಆಸ್ಪತ್ರೆಗೆ ಸಾಗಿಸುವ ಬದಲು ಡಾಕ್ಟರನ್ನೇ ಆ ಕಟ್ಟಡಗಳ ನಡುವೆ ತಂದು ಕೂರಿಸಿದರು. ಅದೇ ಜೋಡಿ ಮಿಸಿಸಿಪ್ಪಿಯ ಮೌಂಡ್ ಬಯೂನಲ್ಲಿ ಎರಡನೆಯದನ್ನು ಕಟ್ಟಿತು. ಅಲ್ಲಿ ಡಾಕ್ಟರ್‌ಗಳು ಹಸಿದ ಮಕ್ಕಳಿಗೆ ಔಷಧಿ ಚೀಟಿಯಲ್ಲಿ ಆಹಾರವನ್ನೇ ಬರೆದರು. ಅಂಗಡಿಯವರು ಅದನ್ನು ಕೊಟ್ಟು ಕೇಂದ್ರದ ಫಾರ್ಮಸಿ ಲೆಕ್ಕಕ್ಕೆ ಬರೆಸಿದರು. ಕೇಂದ್ರದವರು ಬಾವಿ ತೋಡಿಸಿದರು, ಕಕ್ಕಸು ಕಟ್ಟಿಸಿದರು. ಆರೋಗ್ಯಕ್ಕೆ ಬೇಕಾದದ್ದು ಏನಿದ್ದರೂ ಅದು ತಮ್ಮ ಕೆಲಸ ಅಂತ ತಿಳಿದಿದ್ದರು.

ಇವತ್ತಿಗೂ ಅದು ಕಾನೂನಿನಲ್ಲಿ ಉಳಿದಿದೆ. ಪಬ್ಲಿಕ್ ಹೆಲ್ತ್ ಸರ್ವೀಸ್ ಆಕ್ಟ್‌ನ 330ನೇ ಸೆಕ್ಷನ್ ಓದಿ. ಕೇಂದ್ರ ಕೊಡಲೇಬೇಕಾದ ಸೇವೆಗಳ ಪಟ್ಟಿಯಲ್ಲಿ ಡಾಕ್ಟರ್, ಲ್ಯಾಬ್ ಜೊತೆಗೆ ಸಾರಿಗೆಯೂ ಇದೆ, ಭಾಷೆ ಬಲ್ಲ ಸಿಬ್ಬಂದಿಯೂ ಇದೆ. ಎಷ್ಟು ಕೊಡಬೇಕು, ಹೇಗೆ ಕೊಡಬೇಕು ಅನ್ನೋದನ್ನು ಕೇಂದ್ರಕ್ಕೆ ಬಿಟ್ಟಿದ್ದಾರೆ. ಹಾಗಾಗಿ ಒಂದು ಕಡೆ ಸ್ವಂತ ವ್ಯಾನ್ ಓಡುತ್ತದೆ, ಇನ್ನೊಂದು ಕಡೆ ಡ್ರಾಯರ್‌ನಲ್ಲಿ ನಾಲ್ಕು ಬಸ್ ಟಿಕೆಟ್ ಇರುತ್ತವೆ. ಎರಡೂ ಕಡೆ ಸಾರಿಗೆ ಅನ್ನೋ ಕಾಲಂಗೆ ಟಿಕ್ ಬೀಳುತ್ತದೆ.

ಕೆರೆಏರಿ

ನಾವು ಕನ್ನಡದವರು ಒಂದಷ್ಟು ಜನ ವಾರಾಂತ್ಯ ಕಾರು ಓಡಿಸಿ ಕರೆದುಕೊಂಡು ಹೋಗಬಹುದಲ್ಲ? ನಾನು ತಯಾರಿದ್ದೇನೆ.

ರಾತ್ರಿಪಾಳಿ

ತುಂಬಾ ಒಳ್ಳೆಯದು. ಆದರೆ ಸುಮ್ನೆ ಒಬ್ಬೊಬ್ಬರೇ ಶುರು ಮಾಡಬೇಡಿ, ಒಂದು ಸಂಸ್ಥೆಯ ಮೂಲಕ ಮಾಡಿ. ಹಿನ್ನೆಲೆ ಪರಿಶೀಲನೆ, ಕಾರಿನ ಇನ್ಶೂರೆನ್ಸ್, ರೋಗಿಯ ಗುಟ್ಟು ಕಾಯುವುದು ಎಲ್ಲ ಇದೆ. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ರೋಡ್ ಟು ರಿಕವರಿ ಅನ್ನೋ ಕಾರ್ಯಕ್ರಮದಲ್ಲಿ ಸ್ವಯಂಸೇವಕರು ಕ್ಯಾನ್ಸರ್ ರೋಗಿಗಳನ್ನು ಚಿಕಿತ್ಸೆಗೆ ಉಚಿತವಾಗಿ ಕರೆದೊಯ್ಯುತ್ತಾರೆ. ಅಲ್ಲಿಂದ ಶುರು ಮಾಡಿ. ನಿಮ್ಮ ಊರಿನಲ್ಲಿ ಬೇರೆ ಏನಿದೆ ಅಂತ ತಿಳಿಯಲು 211ಕ್ಕೆ ಫೋನ್ ಮಾಡಿ.

ನನ್ನ ವಿಭಾಗದ ಮಟ್ಟಿಗೆ ಇದಕ್ಕಿಂತ ಹೆಚ್ಚು ಬೇಕಾದದ್ದು ಜೊತೆಗೆ ಇರುವವರು. ಕಾರು ಓಡಿಸುವವರಿಗಿಂತ, ಕೊಲೊನೋಸ್ಕೋಪಿ ಮುಗಿಯುವವರೆಗೆ ಹೊರಗೆ ಕೂತು, ಆಮೇಲೆ ಮನೆಯ ಒಳಗೆ ಬಿಟ್ಟು ಬರುವ ಒಬ್ಬರು. ತರಬೇತಿ ಪಡೆದ ಸ್ವಯಂಸೇವಕರು ನಾಲ್ಕೈದು ಜನ ಇದ್ದರೆ, ಇಂಥ ರೋಗಿಗಳನ್ನೆಲ್ಲ ಒಂದೇ ದಿನಕ್ಕೆ ಹಾಕಬಹುದು.

ಅಂಕಿಲೆಕ್ಕ

ಕ್ಲಿನಿಕ್ ರೈಡ್ ಕೊಟ್ಟರೆ ರೋಗಿಗಳಿಗೆ ಆಮಿಷ ಒಡ್ಡಿದ ಹಾಗೆ, ಕಾನೂನು ಬಿಡುವುದಿಲ್ಲ ಅಂತ ಕೆಲವು ಮ್ಯಾನೇಜರ್‌ಗಳು ಹೇಳುತ್ತಾರೆ. ಆ ಭಯ ಬೇಡ. 2016ರ ಕೊನೆಗೆ ಬಂದ ಕೇಂದ್ರ ಸರ್ಕಾರದ ನಿಯಮದಲ್ಲಿ ಸ್ಥಳೀಯ ಸಾರಿಗೆಗೆ ಸ್ಪಷ್ಟ ಅವಕಾಶ ಇದೆ. ಈಗಾಗಲೇ ಕ್ಲಿನಿಕ್‌ನ ರೋಗಿಯಾಗಿರಬೇಕು, ದೂರ 25 ಮೈಲಿ ಒಳಗೆ. ಗ್ರಾಮೀಣ ಪ್ರದೇಶಕ್ಕೆ 50 ಮೈಲಿ ಇತ್ತು, 2020ರಲ್ಲಿ ಅದನ್ನು 75 ಮೈಲಿಗೆ ಏರಿಸಿದರು. ಅದನ್ನು ಜಾಹೀರಾತು ಮಾಡಬಾರದು, ಎಲ್ಲರಿಗೂ ಒಂದೇ ನಿಯಮ ಇರಬೇಕು, ಅಷ್ಟೇ.

ಮತ್ತೆ ಒಂದು ವಿನಂತಿ. 'ನೋ ಶೋ' ಅಂತ ಒಂದೇ ಬಟನ್ ಇಡಬೇಡಿ. ತಡವಾಗಿ ಬಂದವರು, ಫೋನ್ ಮಾಡಿ ಬರಲಾಗಲಿಲ್ಲ ಅಂದವರು, ಸುದ್ದಿಯೇ ಇಲ್ಲದವರು, ಇವರು ಮೂರು ಬೇರೆ ಬೇರೆ ಗುಂಪು. ಒಂದೇ ಡಬ್ಬಿಗೆ ಹಾಕಿದರೆ ಯಾವ ಲೆಕ್ಕವೂ ಸತ್ಯ ಹೇಳುವುದಿಲ್ಲ.

ತುಂಗಾತೀರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇದನ್ನೆಲ್ಲ ಮ್ಯಾನೇಜರ್‌ಗೆ ಹೇಳಿ ಬಿಡುವುದಲ್ಲ, ಆಡಳಿತ ಮಂಡಳಿಗೆ ತೆಗೆದುಕೊಂಡು ಹೋಗುತ್ತೇನೆ. ಈ ಕೇಂದ್ರಗಳ ಮಂಡಳಿಯಲ್ಲಿ ಕನಿಷ್ಠ ಶೇ. 51 ಜನ ಅಲ್ಲಿಯ ರೋಗಿಗಳೇ ಇರಬೇಕು ಅಂತ ಕಾನೂನಿದೆ. ಅವರಲ್ಲಿ ಬಸ್ಸಿನಲ್ಲಿ ಬರುವವರು ಒಬ್ಬರಾದರೂ ಇದ್ದೇ ಇರುತ್ತಾರೆ.

ನಾನು ಕೇಳಲಿರುವುದು ಇಷ್ಟು. ಅಪಾಯಿಂಟ್‌ಮೆಂಟ್ ಬರೆಯುವಾಗಲೇ "ಹೇಗೆ ಬರುತ್ತೀರಿ?" ಅಂತ ಒಂದು ಪ್ರಶ್ನೆ ಕೇಳಿ, ಉತ್ತರ ಫೈಲ್‌ನಲ್ಲಿ ಬರೆಯಿರಿ. ಬಸ್ಸಿನಲ್ಲಿ ಬರುವವರಿಗೆ 15 ನಿಮಿಷದ ನಿಯಮ ಬೇಡ, ಬಂದ ದಿನವೇ ಎಷ್ಟು ತಡವಾದರೂ ನರ್ಸ್ ಒಬ್ಬರು ನೋಡಿ ಕನಿಷ್ಠ ಮಾತ್ರೆಯನ್ನಾದರೂ ಮುಂದುವರಿಸಲಿ. ರಕ್ತ, ಕಣ್ಣು, ಡಾಕ್ಟರ್ ಒಂದೇ ದಿನ ಆಗಲಿ. ಔಷಧಿ 90 ದಿನಕ್ಕೆ. ವಾರದಲ್ಲಿ ಒಂದು ಸಂಜೆ ತೆರೆದಿರಲಿ. ಪ್ಯಾರಾಟ್ರಾನ್ಸಿಟ್ ಅರ್ಜಿ ಡಾಕ್ಟರ್ ಕೋಣೆಯಲ್ಲೇ ಇರಲಿ. ಇಷ್ಟೂ ಆದ ಮೇಲೆ ಬರಲಾಗದವರಿಗೆ ಗಾಡಿ.

ಆ ಹೆಂಗಸನ್ನೂ ಸಭೆಗೆ ಬಂದು ಮಾತಾಡುತ್ತೀರಾ ಅಂತ ಕೇಳಿದ್ದೇನೆ. ಒಪ್ಪಿದ್ದಾರೆ. ಸಭೆ ಸಂಜೆ ಆರಕ್ಕೆ. ಆ ಹೊತ್ತಿಗೆ ಅವರ ಎರಡನೇ ಬಸ್ ಇನ್ನೂ ಓಡುತ್ತಿರುತ್ತದಾ ಅನ್ನೋದು ನಾನು ನೋಡಬೇಕು.

ಬಸ್‌ರೂಟ್

ರೂಟ್ ನಂಬರ್ ಮತ್ತು ಅವರು ಇಳಿಯುವ ಸ್ಟಾಪ್ ನನಗೆ ಖಾಸಗಿ ಮೆಸೇಜ್ ಮಾಡಿ. ಸಂಜೆಯ ಕೊನೆಯ ಬಸ್ ಎಷ್ಟಕ್ಕೆ ಅಂತ ಇವತ್ತೇ ನೋಡಿ ಹೇಳುತ್ತೇನೆ. ಇಲ್ಲದಿದ್ದರೆ ಸಭೆಯ ಮೊದಲ ಅರ್ಧ ಗಂಟೆಯಲ್ಲೇ ಅವರಿಗೆ ಮಾತಾಡಲು ಬಿಡಿ ಅಂತ ಕಾರ್ಯದರ್ಶಿಗೆ ಈಗಲೇ ಬರೆಯಿರಿ.

ಕೆರೆಏರಿ

ಬಸ್ ಇಲ್ಲದಿದ್ದರೆ ಅವತ್ತು ನಾನು ಬರುತ್ತೇನೆ, ನೀವೂ ಕಾರಿನಲ್ಲಿ ಜೊತೆಗಿರಿ. ದಿನಾಂಕ ಹೇಳಿ.